ಟಿಳಕವಾಡಿಯ ಹಲಗೆ ನೆಲದ ಬಾಡಿಗೆ ಮನೆ: 11 ತಿಂಗಳ ಅನುಭವ

ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಮಲಗುವ ಕೋಣೆಗಳ ಒಂದು ಫ್ಲ್ಯಾಟನ್ನು ಕಳೆದ ಏಪ್ರಿಲ್‌ನಲ್ಲಿ ಬಾಡಿಗೆಗೆ ಹಿಡಿದೆವು. ಟೈಲ್ಸ್ ಅಥವಾ ಶಹಾಬಾದ್ ಫರಸಿ (ಹಾಸುಗಲ್ಲು) ಇಲ್ಲದ ಬಾಡಿಗೆ ಮನೆ ನಮ್ಮ ಕಡೆ ಅಪರೂಪ. ಇಲ್ಲಿ ಕಟ್ಟಿಗೆಯ ನೆಲವಿದೆ ಎಂಬ ಒಂದೇ ಕಾರಣಕ್ಕೆ, ಅದೇ ಓಣಿಯ ಬೇರೆ ಮನೆಗಳಿಗಿಂತ ತಿಂಗಳಿಗೆ 2,000 ರೂಪಾಯಿ ಹೆಚ್ಚು ಕೊಡಲು ಒಪ್ಪಿದೆವು. ಮೊದಲ ಕರಾರು ಮುಗಿದು ಎರಡನೆಯದಕ್ಕೆ ಸಹಿ ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮನೆ ತೋರಿಸಿದ ದಲ್ಲಾಳಿ ಇಡೀ ಮನೆಗೆ ಸಾಗವಾನಿ ಹಾಕಿದ್ದಾರೆಂದು ಹೇಳಿದ್ದರು. ಅದು ನಿಜವಲ್ಲ. ಹಾಲ್‌ನಲ್ಲಿರುವುದು ಅಪ್ಪಟ ಸಾಗವಾನಿ ಹಲಗೆ, ಮಲಗುವ ಕೋಣೆಗಳಲ್ಲಿರುವುದು ಲ್ಯಾಮಿನೇಟ್, ಅಂದರೆ ಒತ್ತಿದ ಕಟ್ಟಿಗೆ ನಾರಿನ ಹಲಗೆಯ ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದವನ್ನು ಅಂಟಿಸಿದ್ದು. ಒಂದೇ ಗಂಟಿನ ಗುರುತು ನಾಲ್ಕಾರು ಹಲಗೆಗಳಲ್ಲಿ ಹಾಗೆಯೇ ಮರುಕಳಿಸುವುದನ್ನು ಕಂಡಾಗ ನನಗೆ ಅನುಮಾನ ಬಂತು. ಹೊಸ್ತಿಲ ಬಳಿ ಕತ್ತರಿಸಿದ ಅಂಚನ್ನು ನೋಡಿದಾಗ ಖಾತ್ರಿಯಾಯಿತು. ಸಾಗವಾನಿಗೆ ಗೀರು ಬಿದ್ದರೆ ಉಜ್ಜಿ ಮತ್ತೆ ಪಾಲಿಶ್ ಮಾಡಿಸಬಹುದು, ಲ್ಯಾಮಿನೇಟಿನ ಮೇಲ್ಪದರು ಹೋದರೆ ಆ ಹಲಗೆಯನ್ನೇ ಬದಲಿಸಬೇಕು. ಆದ್ದರಿಂದ ಹೆಚ್ಚಿನ ಬಾಡಿಗೆ ಕೊಡುವ ಮೊದಲು ಪ್ರತಿಯೊಂದು ಕೋಣೆಯ ನೆಲವನ್ನೂ ಬಗ್ಗಿ ನೋಡುವುದು ಅಗತ್ಯ.

ಹಾಲ್‌ನ ನೆಲವನ್ನು ಮಾತ್ರ ಮನಸಾರೆ ಮೆಚ್ಚಿದ್ದೇನೆ. ಜುಲೈನಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ ಹಿಡಿದಾಗ ಫರಸಿಯ ನೆಲ ಕಾಲಿಗೆ ಕೊರೆಯುತ್ತದೆ, ಹಲಗೆ ಹಾಗೆ ಕೊರೆಯುವುದಿಲ್ಲ. ಮೊಣಕಾಲು ನೋವಿರುವ ನಮ್ಮ ಅವ್ವ ಜಮಖಂಡಿಯಿಂದ ಬಂದು ಎರಡು ತಿಂಗಳು ಇದ್ದಾಗ, ಚಾಪೆಯೊಂದನ್ನೇ ಹಾಸಿಕೊಂಡು ಇಡೀ ಮಧ್ಯಾಹ್ನ ಕೆಳಗೆ ಕುಳಿತಿರುತ್ತಿದ್ದಳು. ಆದರೆ ಅಮಾವಾಸ್ಯೆಗೆ ಕೊಡಗಟ್ಟಲೆ ನೀರು ಸುರುವಿ ಮನೆ ತೊಳೆಯುವ ಅವಳ ರೂಢಿಯನ್ನು ಇಲ್ಲಿ ಬಿಡಿಸಬೇಕಾಯಿತು, ಮತ್ತು ಅದು ಅವಳಿಗೆ ಸುಲಭವಾಗಲಿಲ್ಲ. ದಿನವೂ ಮೆತ್ತನೆಯ ಕಸಬರಿಗೆಯಿಂದ ಗುಡಿಸುತ್ತೇವೆ, ವಾರಕ್ಕೊಮ್ಮೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೇ ಒಣ ಬಟ್ಟೆ ಆಡಿಸುತ್ತೇವೆ. ದೇವರ ಮುಂದೆ ಎಣ್ಣೆಯೂ ಕುಂಕುಮವೂ ಕಲೆಯಾಗದಂತೆ ಹಿತ್ತಾಳೆಯ ತಟ್ಟೆಯಲ್ಲಿ ಸಮೆ (ದೀಪದ ಕಂಬ) ಇಟ್ಟಿದ್ದೇವೆ. ಅಡುಗೆಮನೆಯಲ್ಲಿ ಮಾಲೀಕರು ಫರಸಿಯನ್ನೇ ಉಳಿಸಿರುವುದು ಜಾಣತನದ ಕೆಲಸ.

ಮಳೆಗಾಲವೇ ಈ ನೆಲದ ನಿಜವಾದ ಪರೀಕ್ಷೆ. ಕಟ್ಟಿಗೆ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಗಲಕ್ಕೆ ಉಬ್ಬುತ್ತದೆ. ಅದಕ್ಕಾಗಿಯೇ ಗೋಡೆಯ ಬುಡದಲ್ಲಿ ಒಂದಿಷ್ಟು ಸಂದು ಬಿಟ್ಟು ಮೇಲೆ ಪಟ್ಟಿ ಹೊಡೆದಿರುತ್ತಾರೆ. ಆಗಸ್ಟ್‌ನಲ್ಲಿ ಪಡುವಣ ಗಾಳಿಗೆ ಬಾಲ್ಕನಿ ಬಾಗಿಲಿನ ಕೆಳಗಿಂದ ನೀರು ನುಗ್ಗಿ, ಹಲಗೆಗಳ ಅಡಿಗೆ ಇಳಿದು, ಮೂರು ಹಲಗೆಗಳ ಅಂಚುಗಳು ಮೇಲೆದ್ದು ನಡುಭಾಗ ಕುಸಿದಂತಾಯಿತು. ಕೂಡಲೇ ಉಜ್ಜಿಸಿ ಸಮ ಮಾಡಿಸಿರೆಂದು ನಾನು ಪಟ್ಟು ಹಿಡಿದೆ. ಮಾಲೀಕರು ಕರೆತಂದ ಹಿರಿಯ ಬಡಿಗರು ಒಪ್ಪಲಿಲ್ಲ: ಹಸಿ ಇರುವಾಗ ಅಂಚು ಉಜ್ಜಿದರೆ, ಒಣಗಿದ ಮೇಲೆ ಅಂಚುಗಳು ಇಳಿದು ನಡುಭಾಗ ಡುಬ್ಬದಂತೆ ಎದ್ದು ನಿಲ್ಲುತ್ತದೆ ಎಂದರು. ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿ ಕಾದೆವು. ಡಿಸೆಂಬರ್ ಹೊತ್ತಿಗೆ ಎರಡು ಹಲಗೆಗಳು ತಾವಾಗಿಯೇ ಸಮವಾದವು, ಮೂರನೆಯದನ್ನು ಮಾತ್ರ ಉಜ್ಜಿ ಪಾಲಿಶ್ ಮಾಡಿದರು. ಖರ್ಚು ಮಾಲೀಕರದು, ಈ ವಿಷಯದಲ್ಲಿ ಅವರನ್ನು ಎಷ್ಟು ಹೊಗಳಿದರೂ ಕಡಿಮೆ.

ಕುರ್ಚಿ, ಮಂಚಗಳ ಕಾಲಿಗೆ ಬಟ್ಟೆಯ ಬಿಲ್ಲೆ ಅಂಟಿಸದಿದ್ದರೆ ಗೀರು ಬೀಳುವುದಲ್ಲದೆ ಸಪ್ಪಳ ಕೆಳಗಿನ ಮನೆಗೆ ಕೇಳುತ್ತದೆ.

ಮೊದಲ ಕರಾರಿನಲ್ಲಿ ನೆಲದ ಬಗ್ಗೆ ಒಂದಕ್ಷರವೂ ಇರಲಿಲ್ಲ, ಹೀಗಾಗಿ ಆಗಸ್ಟ್‌ನಲ್ಲಿ ಮುಂಗಡ ಹಣದಲ್ಲಿ ಎಷ್ಟು ಮುರಿದುಕೊಳ್ಳುವರೋ ಎಂಬ ಭಯ ನನ್ನನ್ನು ಕಾಡಿತ್ತು. ಈ ಸಲ ನೆಲದ ಫೋಟೋಗಳನ್ನು ಕರಾರಿಗೆ ಲಗತ್ತಿಸಿದ್ದೇವೆ. ಮಳೆಯಿಂದಾದ ಹಾನಿ ಮಾಲೀಕರ ಪಾಲು, ನಾವು ಚೆಲ್ಲಿದ ನೀರಿನ ಕಲೆ ಮತ್ತು ಗೀರು ನಮ್ಮ ಪಾಲು ಎಂದು ಬರೆಸಿದ್ದೇವೆ. ಮಲಗುವ ಕೋಣೆಗಳು ಲ್ಯಾಮಿನೇಟ್ ಎಂಬುದನ್ನೂ ನಮೂದಿಸಿದ್ದರಿಂದ ಬಾಡಿಗೆಯಲ್ಲಿ 500 ರೂಪಾಯಿ ಇಳಿಯಿತು.