ಹಳೆಯ ಕಾರಿನ ಎಂಜಿನ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್

ಬಾನೆಟ್ಟಿನ ಕೆಳಗೆ ದಶಕಗಳ ಎಣ್ಣೆಜಿಡ್ಡು ಕಟ್ಟಿದ್ದ ನನ್ನ ಹಳೆಯ ಕಾರಿನ ಎಂಜಿನ್ ಭಾಗವನ್ನು ತೊಳೆದು, ತುಕ್ಕು ಕೆರೆದು, ಬಣ್ಣ ಹೊಡೆಸಿದ ನಂತರ, ಕಿಡಿಗಾಗಿ ವಿದ್ಯುತ್ತನ್ನು ಜೋಡಿಸಿ ಕಡಿಯುವ ಪಾಯಿಂಟ್ ಮತ್ತು ಅದರ ಜೊತೆಗಿನ ಕಂಡೆನ್ಸರ್ ಬದಲಿಗೆ ಈ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಅಳವಡಿಸಿದೆ. ಇದು ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೇ ಅಡಗುವುದರಿಂದ ಮೂಲ ನೋಟಕ್ಕೆ ಧಕ್ಕೆಯಾಗಿಲ್ಲ. ಎರಡು ತಂತಿಗಳು ಮಾತ್ರ ಹೊರಬಂದು, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಉಂಟುಮಾಡುವ ಕಾಯಿಲ್‌ಗೆ ಸೇರುತ್ತವೆ. ಮೊದಲು, ತಿರುಗುತ್ತಾ ಪಾಯಿಂಟನ್ನು ತೆರೆಯುವ ಕ್ಯಾಮ್‌ಗೆ ಉಜ್ಜುವ ತುದಿ ಸವೆದಂತೆಲ್ಲ ಪಾಯಿಂಟಿನ ಅಂತರ ಕಿರಿದಾಗಿ ಕಿಡಿಯ ಟೈಮಿಂಗ್ ತಪ್ಪುತ್ತಿತ್ತು, ಅಂತರ ಅಳೆಯುವ ಫೀಲರ್ ಗೇಜ್ ಹಿಡಿದು 0.4 ಮಿ.ಮೀ.ಗೆ ಮತ್ತೆ ಮತ್ತೆ ಹೊಂದಿಸಬೇಕಾಗುತ್ತಿತ್ತು. ಈಗ ಆಯಸ್ಕಾಂತದ ಉಂಗುರ ಮತ್ತು ಸೆನ್ಸರ್ ಒಂದನ್ನೊಂದು ಮುಟ್ಟದೆಯೇ ಆ ಕೆಲಸ ಮಾಡುವುದರಿಂದ, ಚಳಿಯ ಬೆಳಗಿನಲ್ಲೂ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಕೈಪಿಡಿ ಮಾತ್ರ ನಿರಾಸೆ ತಂದಿತು: ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ದೇಹಕ್ಕೆ ಸೇರಿರುವ ವ್ಯವಸ್ಥೆ) ಇರುವ ಕಾರುಗಳಿಗೆ ಬೇರೆ ಕಿಟ್ ಬೇಕು, ತಂತಿ ಅದಲುಬದಲಾದರೆ ಸೆನ್ಸರ್ ಸುಟ್ಟುಹೋಗಬಹುದು ಎಂಬ ಮುಖ್ಯ ಎಚ್ಚರಿಕೆಗಳು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿವೆ. ಕೊಳ್ಳುವ ಮುನ್ನ ಕಾಯಿಲ್‌ನ ವಿದ್ಯುತ್ ರೋಧ ಕಿಟ್‌ಗೆ ಹೊಂದುತ್ತದೆಯೇ ಎಂದು ಮೀಟರಿನಲ್ಲಿ ಅಳೆದುಕೊಳ್ಳಿ.