ಟರ್ಬೊ ಬಂದ್ ಮಾಡೂ ಮೂರು ದಾರಿ, ಪುಣೆ ಬ್ಯಾಸಗ್ಯಾಗ ನಾ ಮಾಡಿ ನೋಡಿದ್ದು

ಕೋಥ್ರೂಡಿನಾಗ ನಮ್ಮ ರೂಮು ಟೆರೇಸಿನ ಕೆಳಗನ, ಮೇ ತಿಂಗಳ ಮಧ್ಯಾಹ್ನ ಫ್ಯಾನಿನ ಗಾಳಿನೂ ಬಿಸಿ, ಅಂಥಾದ್ರಾಗ ನನ್ನ ಹಳೇ ಲಿನಕ್ಸ್ ಲ್ಯಾಪ್‌ಟಾಪಿಗೆ (ಇಂಟೆಲ್ ಐ5-8250ಯು ಪ್ರೊಸೆಸರಿಂದು) ಕಂಪೈಲ್, ಅಂದ್ರ ಕೋಡಿನಿಂದ ಪ್ರೋಗ್ರಾಂ ಬಿಲ್ಡ್ ಮಾಡೂ ಕೆಲಸ, ಹಚ್ಚಿದ್ರ ತೊಡಿ ಮ್ಯಾಲ ಇಟ್ಕೊಳ್ಳಾಕ ಆಗಂಗಿಲ್ಲ. ಬೇಸ್, ಅಂದ್ರ ಪ್ರೊಸೆಸರಿನ ಮೂಲ ಸ್ಪೀಡು, 1.6 ಗಿಗಾಹರ್ಟ್ಸ್; ಟರ್ಬೊ, ಅಂದ್ರ ಲೋಡ್ ಬಿದ್ದಾಗ ತಾನ ಏರೂ ಸ್ಪೀಡು, 3.4ರ ತನಕ.

ಮೊದಲ ಕೈಯಿಂದನ ಮಾಡಿದೆ. ಸಿಸ್‌ಎಫ್‌ಎಸ್‌ನಾಗ (ಕರ್ನೆಲ್ಲಿನ ಸೆಟಿಂಗ್ ಫೈಲಿನಂಗ ಕಾಣೂ ಜಾಗ) ಇಂಟೆಲ್ ಪಿಸ್ಟೇಟ್ ಫೋಲ್ಡರಿನೊಳಗ ನೋ ಟರ್ಬೊ ಅಂತ ಒಂದು ಫೈಲ್ ಅದ, 1 ಬರದ್ರ ಬಂದ್, 0 ಬರದ್ರ ಚಾಲೂ. ಅಡ್ಮಿನ್ ಹಕ್ಕು ಕೊಡೂ ಸುಡೊ ಹಚ್ಚಿ, ಸುಡೊ ಎಕೋ ಅಂದು ಬಾಣದ ಗುರುತು (>) ಹಾಕಿದ್ರ ಪರ್ಮಿಷನ್ ಡಿನೈಡ್ ಬರ್ತದ, ಯಾಕಂದ್ರ ಬರಿಯಾಕ ಫೈಲ್ ತೆರಿಯೋದು ಸುಡೊ ಅಲ್ಲ, ಕಮಾಂಡ್ ಓದೂ ನಮ್ಮ ಶೆಲ್ಲು, ಅದಕ್ಕ ಪೈಪ್ ಹಾಕಿ ಸುಡೊ ಟೀ ಕೊಡಬೇಕು, ನಂಗ ಇದು ತಿಳಿಯಾಕ ಅರ್ಧ ತಾಸು ಹೋತು. ಆದ್ರ ರೀಬೂಟ್ ಆತಂದ್ರ ಮತ್ತ ಮೊದಲಿನಂಗನ.

ಚೆಕ್ ಮಾಡಾಕ ಪ್ರಾಕ್ ಸಿಪಿಯುಇನ್ಫೊ ಫೈಲಿನಾಗಿನ ಮೆಗಾಹರ್ಟ್ಸ್ ನೋಡಬ್ಯಾಡ್ರಿ, ಅದು ಕಣ್ಣು ಮಿಟುಕಿಸಿದಂಗ ಬದಲಾಗ್ತದ. ಟರ್ಬೊಸ್ಟಾಟ್ ಅನ್ನೋ ಕಮಾಂಡ್ ಚಲೋ, ಕೋರ್ ಕೆಲಸ ಮಾಡೂ ಹೊತ್ತಿನ ಸರಾಸರಿ ಸ್ಪೀಡು, ವ್ಯಾಟು, ಟೆಂಪರೇಚರ್ ಎಲ್ಲಾ ಒಂದ ಸಾಲಿನಾಗ. ಅದರಾಗ ಕಂಡಿದ್ದು ಏನಂದ್ರ, ಬಿಲ್ಡ್ ಶುರುವಿಗೆ ಸ್ಪೀಡ್ ಜಿಗೀತದ, ಸ್ವಲ್ಪ ಹೊತ್ತಿಗೆ 15 ವ್ಯಾಟಿನ ಲಿಮಿಟ್‌ಗೆ ಬಂದು ಕುಂದರ್ತದ. 3.4 ಅನ್ನೋದು ದೊಡ್ಡ ಬಿಲ್ಡಿನಾಗ ನೆಂಟರಿದ್ದಂಗ, ಬಂದು ಹೋಗ್ತದ. ಟರ್ಬೊ ಬಂದ್ ಮಾಡಿದ್ರ 10 ನಿಮಿಷದ ಬಿಲ್ಡ್ 14 ಆತು, ಫ್ಯಾನ್ ಮಾತ್ರ ಸುಮ್ಮನಾತು.

ಆಮ್ಯಾಲ ಎರಡನೇ ದಾರಿ, ಆಟೊ-ಸಿಪಿಯುಫ್ರೀಕ್ ಅನ್ನೋ ಪ್ರೋಗ್ರಾಂ. ಲೋಡ್, ಬಿಸಿ ನೋಡಿ ತಾನ ಟರ್ಬೊ ಹಚ್ತದ, ಆರಸ್ತದ. ಬ್ಯಾಟರಿಗೆ ಒಳ್ಳೇದ ಇರಬಹುದು, ನಂಗ ಫ್ಯಾನ್ ಒಮ್ಮೆ ಜೋರು ಒಮ್ಮೆ ಮೆಲ್ಲಗ ಆಗೋದು ತಲಿನೋವಾತು. ಕಾನ್ಫಿಗ್‌ನಾಗ ಟರ್ಬೊ ನೆವರ್ ಅಂತ ಹಾಕಬಹುದು, ಹಂಗ ಹಾಕೋದಾದ್ರ ಅದು ಯಾಕ ಬೇಕು?

ಈಗ ಟಿಎಲ್‌ಪಿ ಅನ್ನೋ ಪವರ್ ಸೆಟಿಂಗ್ ನೋಡ್ಕೊಳ್ಳೂ ಪ್ರೋಗ್ರಾಂ ಇಟ್ಕೊಂಡೀನಿ. ಅದರ ಕಾನ್ಫಿಗ್‌ನಾಗ ಚಾರ್ಜರ್ ಮ್ಯಾಲ ಇದ್ದಾಗ ಬೂಸ್ಟಿಗೆ (ಟರ್ಬೊಕ್ಕ ಇನ್ನೊಂದು ಹೆಸರು) ಒಂದು ಸಾಲು, ಬ್ಯಾಟರಿಗೆ ಇನ್ನೊಂದು, ಎರಡೂ 0 ಮಾಡಿದೆ, ರೀಬೂಟಿಗೂ ಹೋಗಂಗಿಲ್ಲ. ಇಂಥದ್ದ ಕೆಲಸ ಮಾಡೂ ಪವರ್ ಪ್ರೊಫೈಲ್ಸ್ ಡೀಮನ್ ಜೋಡಿ ಇದಕ್ಕ ಆಗಿಬರಂಗಿಲ್ಲ, ಅದನ್ನ ತೆಗದ ಹಾಕ್ರಿ.

ನಮ್ಮ ಕಾಕಾನ ಮಗ ಚಿಂಚವಾಡದಾಗ ಇರ್ತಾನ, ಅವಂದು ಎಎಂಡಿ ರೈಜನ್ ಪ್ರೊಸೆಸರ್. ಟರ್ಬೊ ಬಂದ್ ಮಾಡಾಕ 1 ಹಾಕೋ ಅಂತ ಫೋನ್ ಮಾಡಿ ಹೇಳಿದೆ, ಹಾಕಿದ, ಏನೂ ಬದಲಾಗಲಿಲ್ಲ, ನಂಗ ನಾಕು ಬೈದ. ಅಲ್ಲಿ ಫೈಲಿನ ಹೆಸರ ಬೂಸ್ಟ್, ಬಂದ್ ಮಾಡಾಕ 0 ಹಾಕಬೇಕು!