ರಾಗಿ ಕಾಳಿಗೆ ತೂತು ಕೊರೆದ ಪಿನ್ ವೈಸ್

ಮೊದಲೇ ಹೇಳಿಬಿಡುತ್ತೇನೆ, ಈ ಪಿನ್ ವೈಸ್‌ಗೆ ಹೆಸರಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಪೊಟ್ಟಣದ ಮೇಲೆ ಬ್ರಾಂಡಿಲ್ಲ, ಯಾವ ಊರಲ್ಲಿ ಮಾಡಿದ್ದು ಅಂತಲೂ ಇಲ್ಲ. ಅಲ್ಯೂಮಿನಿಯಂ ಹಿಡಿ, ಹಿಂದೆ ಅಂಗೈಗೆ ಆನಿಸಿಕೊಳ್ಳುವ ತಿರುಗುವ ಗುಂಡಿ, ಮುಂದೆ ಬಿಟ್ಟನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ಕಚ್ಚಿ ಹಿಡಿಯುವ ಹಿತ್ತಾಳೆ ಕಾಲೆಟ್, ಜೊತೆಗೆ ಪುಟ್ಟ ಡಬ್ಬಿಯಲ್ಲಿ 0.3 ಮಿ.ಮೀ.ನಿಂದ 1.2 ಮಿ.ಮೀ.ವರೆಗೆ ಹತ್ತು ಬಿಟ್. ಅಂಗಡಿಯವನು 450 ಅಂದ, ನಾನು ಎದ್ದು ಹೊರಟೆ, 380ಕ್ಕೆ ಕೊಟ್ಟ. ಮೊಮ್ಮಗನಿಗೆ ಅಷ್ಟರಲ್ಲಿ ನಾಚಿಕೆಯಾಗಿ ರಸ್ತೆಗೆ ಇಳಿದುಬಿಟ್ಟಿದ್ದ.

ಗೊತ್ತಿಲ್ಲದವರಿಗೆ: ಇದು ಪೆನ್ನಿನ ಗಾತ್ರದ ಕೈ ಡ್ರಿಲ್. ಗುಂಡಿಯನ್ನು ಅಂಗೈಗೆ ಒತ್ತಿ, ಹಿಡಿಯನ್ನು ಎರಡು ಬೆರಳಿನಲ್ಲಿ ಹೊಸೆಯುತ್ತಾ ಹೋದರೆ ತೂತು ಬೀಳುತ್ತದೆ. ವಾಚಿನ ಕೆಲಸದವರಿಗೆ ಹಳೇ ಸ್ನೇಹಿತ. ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಅಸೆಂಬ್ಲಿಯಲ್ಲಿದ್ದವಳು. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದ ಆಸುಪಾಸು ಇರುತ್ತದೆ. ಅದನ್ನು ಚಿಮುಟದಲ್ಲಿ ಹಿಡಿದು ಕಲ್ಲಿನ ತೂತಿಗೆ ಕೂರಿಸಿ ಕೂರಿಸಿ, ಮನೆಗೆ ಬಂದು ಸಾಸಿವೆ ನೋಡಿದರೆ ಕುಂಬಳಕಾಯಿ ನೋಡಿದ ಹಾಗಾಗುತ್ತಿತ್ತು. ಆದ್ದರಿಂದ ಸಾಮಾನಿನ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಜೋರು. ಕ್ಷಮಿಸಿ.

ಇದನ್ನು ಕೊಂಡದ್ದು ಒಂದು ಜೀಪಿಗಾಗಿ. ಮೊಮ್ಮಗನ ಹುಟ್ಟುಹಬ್ಬಕ್ಕೆ ಯಾರೋ ಬಿಡಿಭಾಗ ಅಂಟಿಸಿ ಕಟ್ಟುವ 1/35 ಅಳತೆಯ ಪ್ಲಾಸ್ಟಿಕ್ ಕಿಟ್ ಕೊಟ್ಟಿದ್ದರು, ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು. ನಾಲ್ಕು ಚಕ್ರ ಅಂಟಿಸಿ ಬೇಸರಪಟ್ಟು ಅಟ್ಟಕ್ಕೆ ಹಾಕಿದ. ಹಬ್ಬಕ್ಕೆ ಅಟ್ಟ ಗುಡಿಸುವಾಗ ಡಬ್ಬಿಯ ಮೇಲಿನ ಚಿತ್ರ ನೋಡಿದೆ. ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳು, ಚಪ್ಪಟೆ ಮಡ್‌ಗಾರ್ಡು, ಎಡಗಡೆ ಸ್ಟೇರಿಂಗು. ಅರೇ, ಇದು ನಮ್ಮಪ್ಪನ ಜೀಪು!

ಅಪ್ಪನದಲ್ಲ ಅನ್ನಿ, ಗೌಡ್ರದ್ದು. ಅಪ್ಪ ಸಕಲೇಶಪುರದ ಹಾನುಬಾಳು ಕಡೆಯ ಕಾಫಿ ತೋಟದಲ್ಲಿ ಡ್ರೈವರ್. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಗಾಡಿಗಳಿಗೆ ಡಿಸ್ಪೋಸಲ್ ಜೀಪು ಅನ್ನುತ್ತಿದ್ದರು, ಅಂಥದ್ದೊಂದು ತೋಟದಲ್ಲಿತ್ತು. ಆಮೇಲೆ ಎಲ್ಲ ಕಡೆ ಬಂದ ಮಹೀಂದ್ರದ ಎತ್ತರ ಬಾನೆಟ್ಟಿನ ಜೀಪಿಗೆ ಮುಂದೆ ಏಳೇ ಸೀಳು. ಹಳೇ ಡ್ರೈವರುಗಳು ದೂರದಿಂದಲೇ ಸೀಳು ಎಣಿಸಿ ಜಾತಿ ಹೇಳುತ್ತಿದ್ದರು.

ಈಗ ಲೆಕ್ಕ. 1/35 ಅಂದರೆ ಕಿಟ್ಟಿನ ಒಂದು ಮಿಲಿಮೀಟರು ನಿಜದ ಮೂರೂವರೆ ಸೆಂಟಿಮೀಟರು. ಹನ್ನೊಂದು ಅಡಿಯ ಜೀಪು ಒಂಬತ್ತೂವರೆ ಸೆಂಟಿಮೀಟರಿಗೆ ಇಳಿದು ಅಂಗೈಯಲ್ಲಿ ಕೂರುತ್ತದೆ. ಈ ವಿಚಿತ್ರ ಅಳತೆ ಎಲ್ಲಿಂದ ಬಂತು ಅಂದರೆ, ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರಿನಲ್ಲಿ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತ್ತು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದರು, ಆಮೇಲೆ ಅಳೆದು ನೋಡಿದರೆ ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಭಾಗವಿತ್ತಂತೆ. ಲೋಕವೆಲ್ಲ ಇವತ್ತಿಗೂ ಆ ಬ್ಯಾಟರಿಯ ಲೆಕ್ಕದಲ್ಲೇ ಟ್ಯಾಂಕು, ಜೀಪು ಕಟ್ಟುತ್ತಿದೆ.

ಕಿಟ್ ಚೆನ್ನಾಗಿದೆ. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಎಷ್ಟು ತೆಳ್ಳಗೆ ಬಂದೀತು? ವೈಪರ್ ಕಡ್ಡಿ ಅಳೆದೆ, 0.7 ಮಿ.ಮೀ. ಮೂವತ್ತೈದರಿಂದ ಗುಣಿಸಿ: ಎರಡೂವರೆ ಸೆಂಟಿಮೀಟರು ದಪ್ಪ. ಅದು ವೈಪರಲ್ಲ, ಹಾರೆ. ಇಂಥವನ್ನು ಕತ್ತರಿಸಿ ತೆಗೆದು ತಂತಿಯಲ್ಲಿ ಮಾಡಬೇಕು, ತಂತಿ ನಿಲ್ಲಲು ತೂತು ಬೇಕು, ತೂತಿಗೆ ಪಿನ್ ವೈಸ್ ಬೇಕು.

ಮೊದಲ ದಿನವೇ ಮೂರು ದೋಷ ಸಿಕ್ಕಿದವು. ಕಾಲೆಟ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, 0.5 ಮಿ.ಮೀ.ಗಿಂತ ಸಣ್ಣ ಬಿಟ್ ಹಾಕಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಬಿಟ್ಟಿನ ಬುಡಕ್ಕೆ ತೆಳು ತಾಮ್ರದ ತಂತಿಯನ್ನು ಒತ್ತೊತ್ತಾಗಿ ಎಂಟು ಹತ್ತು ಸುತ್ತು ಸುತ್ತಿ ಕಾಲೆಟ್ಟಿಗೆ ಕೊಟ್ಟೆ, ಹಿಡಿಯಿತು. ಎರಡನೆಯದು, ಹಿಡಿಯ ನರ್ಲಿಂಗ್. ಜಾರದಿರಲಿ ಅಂತ ಕೆತ್ತಿದ ಗೀರುಗಳ ಅಂಚನ್ನು ಯಾರೂ ಮುರಿದಿಲ್ಲ, ಹತ್ತು ನಿಮಿಷ ತಿರುಗಿಸಿದರೆ ಹೆಬ್ಬೆರಳು ತುರಿಮಣೆಗೆ ಕೊಟ್ಟ ಹಾಗೆ. ನೀರು ಹಚ್ಚಿದ ಸಣ್ಣ ಎಮರಿ ಕಾಗದದಲ್ಲಿ ಉಜ್ಜಿದೆ. ಮೂರನೆಯದು ನನಗೆ ನಿಜಕ್ಕೂ ಸಿಟ್ಟು ಬಂದದ್ದು: ಅಂಗೈ ಗುಂಡಿ ತಿರುಗುವಾಗ ಕಿರ್ ಕಿರ್ ಅನ್ನುತ್ತದೆ. ಕೈ ಡ್ರಿಲ್ಲಿನಲ್ಲಿ ಬೆರಳಿಗೆ ತಿಳಿಯುವುದೇ ಎಲ್ಲ. ಬಿಟ್ ಕಚ್ಚಿತೋ, ಜಾರಿತೋ, ಆಚೆ ತೂರಿತೋ, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು. ಗುಂಡಿಯೇ ಗೊಣಗುತ್ತಿದ್ದರೆ ಬಿಟ್ಟಿನ ಮಾತು ಕೇಳಿಸುವುದು ಹೇಗೆ? ಬಿಚ್ಚಿ ನೋಡಿದರೆ ಒಳಗೆ ಲೋಹದ ಚೂರು. ಒರೆಸಿ, ಒಂದು ಹನಿ ವಾಚಿನ ಎಣ್ಣೆ ಬಿಟ್ಟೆ. ಈಗ ಬೆಣ್ಣೆ.

ಡಬ್ಬಿಯ ಮೇಲೆ 0.3 ಅಂತ ಬರೆದ ಬಿಟ್ ನನ್ನ ಮೈಕ್ರೋಮೀಟರಿನಲ್ಲಿ 0.32 ತೋರಿಸಿತು. ಕಾರ್ಖಾನೆಯಲ್ಲಾಗಿದ್ದರೆ ವಾಪಸ್. ಜೀಪಿಗೆ ನಡೆಯುತ್ತದೆ.

ಮೋಟಾರ್ ಡ್ರಿಲ್ ಯಾಕಲ್ಲ ಅಂತ ಅಳಿಯ ಕೇಳಿದರು. ಅವರ ಹತ್ತಿರ ಇದೆ, ಕೊಟ್ಟರು ಕೂಡ. ಈ ಕಿಟ್ಟುಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್, ನೂರು ಡಿಗ್ರಿ ಹತ್ತಿರ ಮೆತ್ತಗಾಗುವ ವಸ್ತು. ವೇಗವಾಗಿ ತಿರುಗುವ ಬಿಟ್ಟಿನ ತಿಕ್ಕಾಟಕ್ಕೆ ಕ್ಷಣದಲ್ಲಿ ಕರಗಿ, ತೂತಿನ ಸುತ್ತ ಹಪ್ಪಳದ ಗುಳ್ಳೆಯ ಹಾಗೆ ಉಬ್ಬಿ, ಬಿಟ್ಟಿಗೆ ಅಂಟಿಕೊಂಡು ಕೂರುತ್ತದೆ. ಕೈಯಲ್ಲಿ ಕೊರೆದರೆ ಕೂದಲಿನಂಥ ಸುರುಳಿ ಸುರುಳಿ ಪುಡಿ ಬರುತ್ತದೆ. ಮೊದಲು ಸೂಜಿಯಿಂದ ಚುಚ್ಚಿ ಗುರುತು ಮಾಡಿ, ಬಿಟ್ಟಿನ ತುದಿಯನ್ನು ಬಟ್ಟೆ ಸೋಪಿಗೆ ಒಮ್ಮೆ ತಾಗಿಸಿ, ಎರಡು ಸುತ್ತು ಮುಂದೆ ಒಂದು ಸುತ್ತು ಹಿಂದೆ. ಒತ್ತಲೇಬಾರದು, ವೈಸಿನ ಭಾರವೇ ಸಾಕು.

ನಾನು ಒತ್ತಿದೆ. ಮೂರನೇ ದಿನ 0.3 ಟಪ್ ಅಂತ ಮುರಿಯಿತು. ಹತ್ತು ಬಿಟ್ಟಿನಲ್ಲಿ 0.3 ಇರುವುದು ಒಂದೇ, ಸಣ್ಣ ಕೆಲಸಕ್ಕೆ ಬೇಕಾಗುವುದೂ ಅದೇ. ಯಾರು ಈ ಡಬ್ಬಿ ತುಂಬಿಸಿದರೋ, ಅವರು ಒಂದು ದಿನವೂ ಕೊರೆದವರಲ್ಲ. ಮೊಮ್ಮಗ ಎಸ್.ಪಿ. ರಸ್ತೆಯಿಂದಲೇ ಸರ್ಕ್ಯೂಟ್ ಬೋರ್ಡ್ ಕೊರೆಯುವ ಕಾರ್ಬೈಡ್ ಬಿಟ್ ತಂದ. ಅದು ಗಾಜಿನ ಹಾಗೆ, ಯಂತ್ರದಲ್ಲಿ ನೆಟ್ಟಗೆ ನಿಂತರೆ ಹುಲಿ, ಕೈಯಲ್ಲಿ ಕೂದಲೆಳೆ ವಾಲಿದರೆ ಎರಡು ತುಂಡು. ಮಾಮೂಲಿ ಹೈ ಸ್ಪೀಡ್ ಸ್ಟೀಲಿನದ್ದು ಚೂರು ಬಾಗಿಯಾದರೂ ಸಹಿಸಿಕೊಳ್ಳುತ್ತದೆ. ಅದನ್ನೇ ಬಿಡಿಯಾಗಿ ತರಿಸಿದೆ.

ಮೊದಲ ದೊಡ್ಡ ಕೆಲಸ ಎಂಜಿನ್. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ತಲೆ ಕಿಟ್ಟಿನಲ್ಲಿ ಎರಡು ಮಿಲಿಮೀಟರಿನ ಬೋಳು ಗುಂಡು. ಅದರ ಮೇಲೆ ಐದು ತೂತು ಬೇಕು, ನಾಲ್ಕು ಪ್ಲಗ್ಗಿಗೆ, ಒಂದು ಕಾಯಿಲಿಗೆ. ಪ್ಲಗ್ ವೈರು ನಿಜದಲ್ಲಿ ಏಳು ಮಿ.ಮೀ., ಹಾಗಾದರೆ ನಮಗೆ 0.2. ನಮ್ಮ ಬೀದಿಯ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ "36 ಗೇಜಿನ ತಂತಿ ಒಂದು ಮೊಳ ಇದ್ಯೇನಪ್ಪಾ" ಅಂದೆ. "ಬೋರ್‌ವೆಲ್ ಮೋಟಾರಿಗೆ ಅಷ್ಟು ಸಣ್ಣದು ಹಾಕಲ್ಲಮ್ಮಾ" ಅಂದ ಹುಡುಗ, ಮೂಲೆಯಲ್ಲಿದ್ದ ಸುಟ್ಟ ಸೀಲಿಂಗ್ ಫ್ಯಾನಿನ ಸುರುಳಿಯಿಂದ ಒಂದು ಉಂಡೆ ಕಿತ್ತುಕೊಟ್ಟ. ದುಡ್ಡು ಬೇಡವೆಂದ. 36 ಗೇಜು ಅಂದರೆ 0.19 ಮಿ.ಮೀ., ಹೇಳಿ ಮಾಡಿಸಿದ ಹಾಗೆ. ವಾಚಿನವರ ಭೂತಗನ್ನಡಿ ಲೂಪ್ ಕಣ್ಣಿಗೆ ಸಿಕ್ಕಿಸಿಕೊಂಡು ಐದು ತೂತು ಕೊರೆಯಲು ಒಂದು ಸಂಜೆ ಹಿಡಿಯಿತು, ಐದನೆಯದು ಸ್ವಲ್ಪ ಓರೆ. ವೈರುಗಳನ್ನು ಸಿಲಿಂಡರುಗಳು ಉರಿಯುವ 1, 3, 4, 2ರ ಕ್ರಮದಲ್ಲೇ ಕೊಟ್ಟಿದ್ದೇನೆ. ಅಪ್ಪ ಪ್ಲಗ್ ತೊಳೆದು ಕೂರಿಸುವಾಗ ಗೊಣಗುತ್ತಿದ್ದ ಮಂತ್ರ ಅದು, ನಾನು ಮಗ್ಗಿಗಿಂತ ಮೊದಲು ಕಲಿತದ್ದು.

ಮುಂದಿನದು ನಿಂಬೆಹಣ್ಣು. ಅಮಾವಾಸ್ಯೆಗೆ ಅಪ್ಪ ಬಂಪರಿಗೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಕಟ್ಟುತ್ತಿದ್ದರು. ನಿಂಬೆ ನಾಲ್ಕೂವರೆ ಸೆಂಟಿಮೀಟರು ಅಂತಿಟ್ಟುಕೊಳ್ಳಿ, ಮೂವತ್ತೈದರಿಂದ ಭಾಗಿಸಿದರೆ ಒಂದೂಕಾಲು ಮಿಲಿಮೀಟರಿನ ಚೂರು ಮೇಲೆ. ಪುಟ್ಟಿಯಲ್ಲಿ ಉಂಡೆ ಮಾಡಲು ಹೋದರೆ ಬೆರಳಿಗೇ ಅಂಟುತ್ತದೆ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದೆ. ಗಸಗಸೆ ಸಣ್ಣದು. ಸಾಸಿವೆಯ ಸಿಪ್ಪೆ ಬಿರಿಯುತ್ತದೆ. ರಾಗಿ! ತುಮಕೂರಿನವಳಿಗೆ ಕೊನೆಗೆ ಹೊಳೆಯಬೇಕಾಯಿತೆ ಇದು.

ರಾಗಿ ಕಾಳಿಗೆ ತೂತು ಕೊರೆಯುವುದು ಬರೆದಷ್ಟು ಸುಲಭವಲ್ಲ. ಒಣ ಕಾಳು ಚಿಮುಟದಿಂದ ಚಿಮ್ಮಿ ಹೋಗುತ್ತದೆ, ಹುಡುಕುವ ಗೋಜಿಗೆ ಹೋಗಬೇಡಿ, ಇನ್ನೊಂದು ತೆಗೆದುಕೊಳ್ಳಿ. ನೆನೆಸಿದರೆ ಮೆತ್ತಗಾದೀತೆಂದು ನೀರಿಗೆ ಹಾಕಿ ಮರೆತೆ, ಬಸಿದ ಕಾಳು ಮೂರನೇ ದಿನ ಮೊಳಕೆ ಬಂದು ಕೂತಿತ್ತು. ಕೊನೆಗೆ ಮರದ ಹಲಗೆಗೆ ಫೆವಿಕಾಲ್ ಚುಕ್ಕೆ ಇಟ್ಟು, ಕಾಳು ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟು ಕೊರೆದೆ. ಆರು ಕಾಳು ಸೀಳಿದವು, ಏಳನೆಯದು ತೂರಿತು. ವೈಸ್ ಗಟ್ಟಿ ಹಿಡಿದು ನಿಂತಿತು, ಒಂದು ಸಲವೂ ಓಲಾಡಲಿಲ್ಲ. ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಮೆಣಸಿನಕಾಯಿಗೆ ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ಕಡ್ಡಿಯನ್ನೇ ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದೆ. ಜೋನಿಬೆಲ್ಲದ ನೂಲಿನ ಹಾಗೆ ಬರುತ್ತದೆ. ಎರಡೆರಡು ಮಿಲಿಮೀಟರಿಗೆ ಕತ್ತರಿಸಿ ಹಸಿರು ಹಚ್ಚಿದರೆ ಮುಗಿಯಿತು.

ಹಿಂದೆ ಎರಡು ಚೀಲ ಕಾಫಿ ಹಣ್ಣು ಹೇರಿದ್ದೇನೆ. ನಿಜವಾದ ಗೋಣಿಯ ತುಂಡು ಹಾಕಿ ನೋಡಿದೆ, ಆ ಹೆಣಿಗೆ ಜೀಪಿನ ಪಕ್ಕ ಮಂಚದ ನವಾರಿನಂತೆ ಕಂಡಿತು. ಗೋಣಿಯ ಎಳೆ ಎರಡು ಮಿ.ಮೀ. ಇದ್ದರೆ ನಮ್ಮ ಅಳತೆಯಲ್ಲಿ 0.06. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಹೆಣಿಗೆ ಇಲ್ಲದ ಟಿಶ್ಯೂ ಕಾಗದವೇ ನಿಜದಂತೆ ಕಾಣುತ್ತದೆ. ಕೆಸರಿಗೂ ಇದೇ ಪಾಡು. ತಮ್ಮ ಊರಿಂದ ಪೊಟ್ಟಣದಲ್ಲಿ ಮಣ್ಣು ಕಳಿಸಿದ್ದ, ಆಸೆಯಿಂದ. ಸೀರೆಯಲ್ಲಿ ಜರಡಿ ಹಿಡಿದರೂ ಒಂದೊಂದು ಕಣ ಜೀಪಿನ ಚಕ್ರಕ್ಕೆ ಕಲ್ಲುಗುಂಡು. ಇಟ್ಟಿಗೆಯ ಪುಡಿ ಅರೆದು ಹಚ್ಚಿದೆ. ತಮ್ಮನಿಗೆ ಹೇಳಿಲ್ಲ.

ಈಗ ವೈಪರ್. ಆ ಜೀಪಿನ ವೈಪರಿಗೆ ಮೋಟಾರಿರಲಿಲ್ಲ. ಗಾಜಿನ ಚೌಕಟ್ಟಿನ ಮೇಲಂಚಿನಲ್ಲಿ ಒಂದು ಹಿಡಿ, ಅದನ್ನು ಒಳಗಿನಿಂದ ಅತ್ತಿತ್ತ ಆಡಿಸಬೇಕು. ಆಷಾಢದ ಮಳೆಯಲ್ಲಿ ಅಪ್ಪನಿಗೆ ಸ್ಟೇರಿಂಗಿಗೇ ಎರಡು ಕೈ ಸಾಲದು. ಪೇಟೆಗೆ ಹೋಗುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ವೈಪರ್ ನನ್ನ ಕೆಲಸ. ಎಡಗಡೆ ಸ್ಟೇರಿಂಗು ಆದ್ದರಿಂದ ಮುಂದಿನ ಲಾರಿಯಾಚೆ ಏನಿದೆ ಅನ್ನುವುದು ಬಲಗಡೆ ಕೂತ ನನಗೇ ಮೊದಲು ಕಾಣುತ್ತಿತ್ತು. "ಎದ್ರಿಗೆ ಏನಾರ ಬತ್ತಿದ್ದದ ಮಗಾ?" ಅನ್ನುವರು. ನಾನು "ಇಲ್ಲಾ" ಅಂದರೆ ಹಾರನ್ ಹೊಡೆದು ನುಗ್ಗಿಸುವರು. ಆರು ವರ್ಷದ ಹುಡುಗಿಯ ಮಾತು ನಂಬಿ ಗಾಡಿ ಓಡಿಸುತ್ತಿದ್ದರಲ್ಲ, ಈಗ ನೆನೆದರೆ ಎದೆ ಝಲ್ ಅನ್ನುತ್ತದೆ.

ಕಿಟ್ಟಿನ ಗಾಜಿನ ಚೌಕಟ್ಟು ಒಂದು ಮಿಲಿಮೀಟರ್ ದಪ್ಪ, ಅದರ ನಡುವೆ ಅಡ್ಡಲಾಗಿ 0.3ರ ತೂತು. ಅಂಚು ಒಡೆದರೆ ಬದಲಿ ಭಾಗವಿಲ್ಲ. ಎರಡು ದಿನ ಮುಂದೂಡಿದೆ. ಮೂರನೆಯ ದಿನ ಬೆಳಿಗ್ಗೆ, ಕಾಫಿಗೂ ಮೊದಲು, ಕೈ ನಡುಗದ ಹೊತ್ತಿನಲ್ಲಿ ಕೂತು ಕೊರೆದೆ. ಆಚೆ ಬದಿಗೆ ತೂರುವ ಮುಂಚೆ ಬಿಟ್ ಒಂದು ಚಣ ಮೆತ್ತಗಾಗುತ್ತದೆ, ಅದು ಬೆರಳಿಗೆ ಸ್ಪಷ್ಟವಾಗಿ ಬಂತು. ಎಣ್ಣೆ ಬಿಟ್ಟದ್ದಕ್ಕೂ ಸಾರ್ಥಕ. ಫ್ಯಾನಿನ ತಂತಿಯನ್ನು ತೂತಿನಲ್ಲಿ ತೂರಿಸಿ, ಒಳಗಡೆ ಹಿಡಿಯಾಗಿ, ಹೊರಗಡೆ ಕಡ್ಡಿಯಾಗಿ ಬಗ್ಗಿಸಿದೆ. ಅಂಟು ಹಾಕಿಲ್ಲ. ಚಿಮುಟದ ತುದಿಯಿಂದ ತಳ್ಳಿದರೆ ಆಡುತ್ತದೆ. ಅಟ್ಟಕ್ಕೆ ಎಸೆದಿದ್ದ ಮೊಮ್ಮಗ ಈಗ ಸ್ನೇಹಿತರನ್ನು ಕರೆತಂದು ಅದನ್ನೇ ಆಡಿಸಿ ತೋರಿಸುತ್ತಾನೆ. ಮುಟ್ಟಬೇಡವೋ ಅಂದರೆ ಕೇಳುವುದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಎಮರಿ ಕಾಗದ, ಎಣ್ಣೆ, ಅರ್ಧ ದಿನದ ತಾಳ್ಮೆ ಇರುವವರು 380ಕ್ಕೆ ಧಾರಾಳವಾಗಿ ಕೊಳ್ಳಬಹುದು. ಪೊಟ್ಟಣ ಬಿಚ್ಚಿದ ಕೂಡಲೇ ಕೊರೆಯಬೇಕು ಅನ್ನುವವರು ಇನ್ನೂ ಮೂರು ಪಟ್ಟು ಕೊಟ್ಟು ಒಳ್ಳೆಯ ಕಂಪನಿಯದ್ದು ತೆಗೆದುಕೊಳ್ಳಿ. ಅಂಗಡಿಯಲ್ಲೇ 0.3 ಬಿಟ್ ಹಾಕಿಸಿ, ತಿರುಗಿಸಿ, ತುದಿ ಎಷ್ಟು ಓಲಾಡುತ್ತದೆ ನೋಡಿ. ನನ್ನ ಪೊಟ್ಟಣದ ಪಕ್ಕದಲ್ಲಿದ್ದ ಎರಡು ಇದಕ್ಕಿಂತ ಕಡೆಯಾಗಿದ್ದವು.

ಇನ್ನು ಹೆಡ್‌ಲೈಟ್ ಬಾಕಿ. ಆ ಜೀಪಿನಲ್ಲಿ ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ ಮೇಲೆ ಬೀಳುವ ಹಾಗೆ ಕೀಲು ಇರುತ್ತದೆ. ರಾತ್ರಿ ಗಾಡಿ ಕೆಟ್ಟರೆ ಅಪ್ಪ ಆ ಬೆಳಕಿನಲ್ಲೇ ರಿಪೇರಿ ಮಾಡುತ್ತಿದ್ದರು. ಆ ಕೀಲಿಗೆ ಎರಡೂ ಕಡೆ ಸೇರಿ ನಾಲ್ಕು ತೂತು. 0.3 ಬಿಟ್ ಐದು ತಾ ಅಂತ ಮೊಮ್ಮಗನಿಗೆ ದುಡ್ಡು ಕೊಟ್ಟು ಕಳಿಸಿದ್ದೇನೆ. ಚೌಕಾಸಿ ಮಾಡುವುದಿಲ್ಲ ಅವನು, ಗೊತ್ತು.